ವೈರಣ್ಣನ ಕರ್ನಲ್ ಹಟ

ಎಲ್ಲ ರಗಳೆಗೂ ಮೂಲ ಅಂಗೈಯಗಲದ ಒಂದು ಕಂಪ್ಯೂಟರು. ಮೊಬೈಲಿನಲ್ಲಿರುವಂಥದೇ ಆರ್ಮ್ ಚಿಪ್ಪು, ನಾಲ್ಕಾರು ತೂತು, ಒಂದು ಮೆಮೊರಿ ಕಾರ್ಡು. ಸೋಪಿನ ಡಬ್ಬಿಯೊಳಗೆ ಕೂರಿಸಿದರೂ ಜಾಗ ಉಳಿಯುತ್ತಿತ್ತು. ಅದನ್ನು ಟೀವಿಗೆ ಸಿಕ್ಕಿಸಿ ಮನೆಯ ಫೋಟೊ, ವಿಡಿಯೊಗಳನ್ನೆಲ್ಲ ತೋರಿಸುತ್ತೇನೆಂದು ಅದರ ಒಡೆಯ, ವಿಮಾ ಕಚೇರಿಯ ಗುಮಾಸ್ತನೊಬ್ಬ, ಹೇಳುತ್ತ ಬಂದು ಬಹಳ ದಿನವಾಗಿತ್ತು. ಮನೆಯ ಹಿಂಬದಿಯ ಪುಟ್ಟ ಕೋಣೆಯ ತುಂಬ ಅವನ ವೈರುಗಳೇ. ಹಾಗಾಗಿ ಇಡೀ ಕಟ್ಟಡಕ್ಕೆ ಅವನು ವೈರಣ್ಣ. ಅಸಲಿ ಹೆಸರು ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತಿತ್ತು.

ಆ ಕೋಣೆಯ ಮೇಲೆ ಹೆಂಡತಿಗೆ ಕಣ್ಣು. ಅಲ್ಲಿ ಅವಳು ಹೊಲಿಗೆ ತರಗತಿ ನಡೆಸಬೇಕೆಂದಿದ್ದಳು. ಆ ಬೆಳಿಗ್ಗೆ ಅವಳು ಬಾಗಿಲಿಗೆ ಅಡ್ಡ ನಿಂತು ತೀರ್ಪು ಕೊಟ್ಟಳು.

"ನೋಡ್ರೀ, ಸಂಜೆ ನನ್ನ ತಮ್ಮ ಬರ್ತಾನೆ. ಅವನ ಮುಂದೆ ನಮ್ಮ ಮದುವೆ ವಿಡಿಯೊ ನೆಟ್ಟಗೆ ಓಡಿದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಹೊಲಿಗೆ ಮಷಿನ್‌ದು. ಆಮೇಲೆ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

"ಓಡ್ಸೇ ಓಡಿಸ್ತೀನಿ," ಎಂದು ವೈರಣ್ಣ ಕಚೇರಿಗೆ ರಜೆ ಹಾಕಿದ. ಈ ಲೋಕದಲ್ಲಿ ಅವನದು ಅಂತ ಇದ್ದದ್ದು ಆ ಕೋಣೆ ಒಂದೇ. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದು ಸೋಫಾದ ಒಂದು ತುದಿ, ಅದೂ ಅತ್ತೆ ಮಲಗದಿದ್ದಾಗ.

ವಿಡಿಯೊ ಏಕೆ ಓಡುತ್ತಿರಲಿಲ್ಲವೆಂದರೆ, ಕರ್ನಲ್ಲಿನ ತಕರಾರು. ಕರ್ನಲ್ ಅಂದರೆ ಯಂತ್ರದ ಕೈಕಾಲುಗಳನ್ನೆಲ್ಲ ಕೆಲಸಕ್ಕೆ ಹಚ್ಚುವ ತಂತ್ರಾಂಶ, ಒಳಗಿನ ಯಜಮಾನ. ಅವನನ್ನು ತರಿಸಿಕೊಳ್ಳಲು ಇಂಟರ್ನೆಟ್ಟಿನಲ್ಲಿ ಎರಡು ಉಗ್ರಾಣಗಳಿದ್ದವು. ಒಂದು ಬೋರ್ಡು ಮಾಡಿದ ಕಂಪನಿಯದು. ಅಲ್ಲಿಯ ಕರ್ನಲ್ ಮನೆಯ ಹಳೆಯ ಅಡುಗೆಯವನ ಹಾಗೆ: ಯಾವ ಡಬ್ಬಿ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾನೆ, ಹೊಸದೊಂದನ್ನೂ ಕಲಿಯುವುದಿಲ್ಲ. ಇನ್ನೊಂದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶವನ್ನು ಹಂಚುವ ಬಳಗದವರದು. ಅಲ್ಲಿಯದು ತಾಜಾ, ಚುರುಕು, ವಾರವಾರ ರಿಪೇರಿ ಕಂಡದ್ದು. ಆದರೆ ಈ ಮನೆಯ ಉಪ್ಪಿನ ಡಬ್ಬಿ ಅದಕ್ಕೆ ಗೊತ್ತಿದೆಯೋ ಇಲ್ಲವೋ, ಹಾಕಿ ನೋಡಿದರೇ ತಿಳಿಯಬೇಕು. ಕಂಪನಿಯ ಕರ್ನಲ್ಲಿನಲ್ಲಿ ವಿಡಿಯೊ ಬಿಕ್ಕಳಿಸುತ್ತಿತ್ತು. ವೈರಣ್ಣ ಬಳಗದ ಪಕ್ಷ ಸೇರಿದ್ದ.

ಕಂಪನಿಯ ಪಕ್ಷಕ್ಕೂ ಕಟ್ಟಡದಲ್ಲಿ ಒಬ್ಬರು ನಾಯಕರಿದ್ದರು. ಮೇಲಿನ ಮನೆಯ ಸಿಗ್ನಲ್ ಸಾಹೇಬರು, ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು. ವೈರಣ್ಣನನ್ನು ನೋಡಿಯೇ ಅವರೂ ಅಂಥದೇ ಕಂಪ್ಯೂಟರು ತಂದಿದ್ದರು. ಅದನ್ನು ಹೊಂದಿಸಿಕೊಟ್ಟವನೂ ವೈರಣ್ಣನೇ. ಎರಡೂ ಮನೆಗೆ ವೈಫೈಯೂ ಒಂದೇ. ಅಭಿಪ್ರಾಯ ಮಾತ್ರ ಬೇರೆ.

"ಮಾಡಿದವ್ನಿಗಿಂತ ಚೆನ್ನಾಗಿ ಬೇರೆಯವ್ರಿಗೆ ಗೊತ್ತಿರುತ್ತೇನಯ್ಯಾ?" ಎಂದು ಅವರು ಬಾಲ್ಕನಿಯಿಂದ ಬಗ್ಗಿ ಕೇಳಿದರು.

"ಮಾಡಿದವ್ರು ಮಾರಿ ಮರೆತುಬಿಟ್ಟಿದಾರೆ ಸಾಹೇಬ್ರೇ! ನೋಡ್ಕೊಳ್ತಿರೋರು ಬಳಗದವ್ರು."

"ನಂದು ಕಂಪನೀದೇ. ನೀರು ಕುಡಿದಷ್ಟು ಸಲೀಸಾಗಿ ನಡೀತಿದೆ," ಎಂದು ಅವರು ತಲೆ ಒಳಗೆಳೆದುಕೊಂಡರು.

ಪುಟ್ಟ ಕಂಪ್ಯೂಟರನ್ನು ಸಿಕ್ಕಿಸಿದ್ದ ಟೀವಿಯ ಹತ್ತಿರ ಸುಳಿಯುವಂತಿರಲಿಲ್ಲ. ಅತ್ತೆ ಧಾರಾವಾಹಿಗಳ ಮುಂದೆ ಬೇರುಬಿಟ್ಟು ಕೂತಿದ್ದರು. ವೈರಣ್ಣ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದು, ಪುಟ್ಟ ಕಂಪ್ಯೂಟರನ್ನು ಅದರ ಹೆಸರು ಹೇಳಿ ವೈಫೈನಲ್ಲೇ ಕರೆದ. ಅದು ಓಗೊಟ್ಟಿತು. ಬಳಗದ ಕರ್ನಲ್ ಹಾಕಿದ, ಯಂತ್ರಕ್ಕೆ ಮತ್ತೆ ಶುರುವಾಗಲು ಹೇಳಿದ, ಕಾಫಿ ಕುಡಿದು ಬಂದು "ಯಾವ ಕರ್ನಲ್ಲಪ್ಪಾ ಈಗ?" ಎಂದು ವಿಚಾರಿಸಿದ. ಕಂಪನಿಯದು ಎಂದಿತು.

ಎಲ್ಲೋ ಕೈತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದ. ಈ ಸಲ ಬಳಗದ್ದೇ ಬಂತು. ವೈರಣ್ಣ ಮೀಸೆ ತಿರುವುವಷ್ಟರಲ್ಲಿ ಸಂಪರ್ಕ ಕಡಿಯಿತು. ಮತ್ತೆ ಹಿಡಿದಾಗ ಕಂಪನಿಯದು! ಹಾಕಿದ್ದು ಹಾಕಿದ ಹಾಗೆ ಮಾಯವಾಗುತ್ತಿತ್ತು. ಮೇಲಿನ ಮನೆಯಲ್ಲಿ ಯಾರೋ ಮೇಜು ಗುದ್ದುತ್ತಿದ್ದರು.

ಎದುರು ಮನೆಯ ಟೀಚರಮ್ಮ ತೆರೆದ ಬಾಗಿಲಲ್ಲಿ ಇಣುಕಿದರು. ಅವರಿಗೆ ಕಂಪ್ಯೂಟರಿನ ಬಗ್ಗೆ ಏನೂ ತಿಳಿಯದು, ಸಲಹೆಗೆ ಮಾತ್ರ ಬರವಿರಲಿಲ್ಲ.

"ಮೇನ್ ಸ್ವಿಚ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ನಮ್ಮ ಫ್ರಿಜ್ಜು ಹಾಗೇ ಸರಿಹೋಯ್ತು."

ವೈರಣ್ಣ ಹತಾಶೆಯಲ್ಲಿ ಅದನ್ನೂ ಮಾಡಿದ. ಧಾರಾವಾಹಿಯಲ್ಲಿ ಕಳೆದುಹೋದ ಮಗಳು ಸಿಗುವ ಗಳಿಗೆ ಅದು. ಟೀವಿಯ ಮುಂದಿನಿಂದ ಎದ್ದ ಕೂಗಿಗೆ ಟೀಚರಮ್ಮ ತಮ್ಮ ಮನೆ ಸೇರಿಕೊಂಡರು.

"ಅಳಿಯಂದ್ರೇ! ಇಪ್ಪತ್ತು ವರ್ಷ ಆದ್ಮೇಲೆ ಅಮ್ಮನ ಮುಖ ನೋಡ್ತಿದ್ಳು ಆ ಹುಡುಗಿ! ನಿಮಗೆ ಕರುಳು ಅನ್ನೋದು ಇದೆಯಾ?"

"ಕ್ಷಮಿಸಿ ಅತ್ತೆ, ಈಗ ಬರ್ತಾಳೆ," ಎಂದು ವೈರಣ್ಣ ಸ್ವಿಚ್ ಹಾಕಿದ. ಹುಡುಗಿ ಬರಲಿಲ್ಲ, ಜಾಹೀರಾತು ಬಂತು. ಅತ್ತೆ ಮಧ್ಯಾಹ್ನದ ಊಟದವರೆಗೆ ಅಳಿಯನ ಜೊತೆ ಮಾತು ಬಿಟ್ಟರು.

ಬೇರೆಯವನಾದರೆ ಇಷ್ಟಕ್ಕೆ ಕೈಚೆಲ್ಲುತ್ತಿದ್ದ. ವೈರಣ್ಣ ಅಂಗಿಯ ತೋಳು ಮಡಚಿದ. ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಗೆಳೆಯನಿಗೆ ಫೋನು ಮಾಡಿದ.

"ಎರಡೂ ಉಗ್ರಾಣದ ವಿಳಾಸ ಇಟ್ಕೊಂಡಿದೀಯಾ? ಅದಕ್ಕೇ ಗೊಂದಲ," ಎಂದ ಗೆಳೆಯ. "ಕಂಪನೀದು ಅಳಿಸಿಬಿಡು. ಬಳಗದ ಕರ್ನಲ್ ಹಾಕಿ ಮೇಲೊಂದು ಬೀಗ ಜಡಿ. ನೀನಾಗಿ ತೆಗೆಯೋವರ್ಗೂ ಜಪ್ಪಯ್ಯ ಅಂದ್ರೂ ಬದಲಾಗಲ್ಲ."

ವೈರಣ್ಣ ಕಂಪನಿಯ ವಿಳಾಸ ಅಳಿಸಿದ, ಕರ್ನಲ್ ಹಾಕಿದ, ಬೀಗ ಜಡಿದ. ವಿಚಾರಿಸಿದರೆ ಬಳಗದ್ದು. ಸ್ವಲ್ಪ ಹೊತ್ತು ಬಿಟ್ಟು ವಿಚಾರಿಸಿದರೂ ಬಳಗದ್ದೇ! ಅವನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು, ಕುಣಿಯಲು ಕೋಣೆಯಲ್ಲಿ ಜಾಗವಿರಲಿಲ್ಲ. ಮದುವೆಯ ವಿಡಿಯೊವನ್ನು ಯಂತ್ರಕ್ಕೆ ಕಳಿಸಿದ. ಭಾಮೈದ ಬರುವ ಹೊತ್ತಿಗೆ ಒಂದು ಗುಂಡಿ ಒತ್ತಿದರೆ ಸಾಕು.

ಮೆಟ್ಟಿಲ ಬಳಿ ಸಿಗ್ನಲ್ ಸಾಹೇಬರು ಎದುರಾದರು. ತಲೆಗೂದಲು ಕೆದರಿತ್ತು.

"ಹೇಗಿದೆ ಸಾಹೇಬ್ರೇ ನಿಮ್ದು?"

"ನನ್ನದಕ್ಕೇನಾಗಿದೆ? ಭೇಷಾಗಿದೆ," ಎಂದು ಅವರು ದುರುಗುಟ್ಟಿ ನೋಡಿದರು. "ಸಂಜೆ ನನ್ನ ಹಳೇ ದೋಸ್ತಿಗಳು ಬರ್ತಿದಾರೆ. ಟೀವೀಲಿ ಉಗಿಬಂಡಿ ಫಿಲಂ ತೋರಿಸ್ತಿದೀನಿ."

ಸಂಜೆ ಭಾಮೈದ ಬಂದ. ಅತ್ತೆ, ಹೆಂಡತಿ, ಭಾಮೈದ ಸೋಫಾದಲ್ಲಿ ಸಾಲಾಗಿ ಕೂತರು. ಕರೆಯದಿದ್ದರೂ ಟೀಚರಮ್ಮ ಬಂದರು. ವೈರಣ್ಣ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗಂಟಲು ಸರಿಪಡಿಸಿಕೊಂಡ.

"ಯಾವ ಕರ್ನಲ್ ಅನ್ನೋದೇ ಮುಖ್ಯ. ಕೆಲವ್ರು ಕಂಪನೀದು ಅಂತಾರೆ..."

"ಭಾಷಣ ಆಮೇಲೆ, ಗುಂಡಿ ಒತ್ರೀ," ಎಂದಳು ಹೆಂಡತಿ.

ಒತ್ತಿದ. ಟೀವಿ ಕಪ್ಪಗೇ ಇತ್ತು. ಆದರೆ ಎಲ್ಲಿಂದಲೋ ವಾದ್ಯದ ಸದ್ದು ಕೇಳಿತು. ಅದರ ಹಿಂದೆಯೇ ಭಾಮೈದನ ಎಳೆಯ ದನಿ, "ಭಾವ ಚಪ್ಪಲಿ ಹುಡುಕ್ತಿದಾರೆ!" ಎಂದು ಸ್ಪಷ್ಟವಾಗಿ ಬಂತು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಛಾವಣಿ ನೋಡಿದರು.

"ಲೋ ವೈರಣ್ಣಾ!" ಮೇಲಿನಿಂದ ಸಾಹೇಬರ ಗರ್ಜನೆ. "ಉಗಿಬಂಡಿ ಹಾಕೋಕೆ ಹೋದ್ರೆ ನಮ್ಮ ಟೀವೀಲಿ ನಿನ್ನ ಮದುವೆ ಬರ್ತಿದೆಯಲ್ಲೋ!"

ವೈರಣ್ಣ ಟೀವಿಯ ಹಿಂದೆ ಕೈಹಾಕಿದ. ಅವನ ಪುಟ್ಟ ಕಂಪ್ಯೂಟರು ತಣ್ಣಗೆ ಕೂತಿತ್ತು. ಅದರ ಪ್ಲಗ್ಗಿನ ಜಾಗದಲ್ಲಿ ಅತ್ತೆಯ ಮೇಜಿನ ಫ್ಯಾನು.

"ಬೆಳಿಗ್ಗೆ ಸೆಕೆ ಆಯ್ತು, ತೆಗೆದೆ," ಎಂದರು ಅತ್ತೆ. "ಅದೇನು ಅಷ್ಟೊಂದು ಮುಖ್ಯಾನಾ?"

ಆಗ ಅವನ ತಲೆಗೆ ಹೊಳೆಯಿತು. ಸಾಹೇಬರಿಗೆ ಹೊಂದಿಸಿಕೊಡುವಾಗ ಶ್ರಮ ಉಳಿಸಲೆಂದು ತನ್ನ ಮೆಮೊರಿ ಕಾರ್ಡನ್ನೇ ನಕಲು ಮಾಡಿ ಕೊಟ್ಟಿದ್ದ. ಹೆಸರೂ ಒಂದೇ, ಪಾಸ್‌ವರ್ಡೂ ಒಂದೇ. ತನ್ನದು ಸತ್ತು ಮಲಗಿದ್ದಾಗ ಆ ಹೆಸರಿಗೆ ಓಗೊಟ್ಟದ್ದು ಮೇಲಿನ ಮನೆಯದು. ಬೆಳಗಿನಿಂದ ಅವನು ಹಾಕಿದ್ದನ್ನು ಸಾಹೇಬರು ಕಿತ್ತಿದ್ದರು, ಸಾಹೇಬರು ಹಾಕಿದ್ದನ್ನು ಅವನು ಕಿತ್ತಿದ್ದ.

ಎಲ್ಲರೂ ಮೇಲಕ್ಕೆ ನಡೆದರು. ಸಾಹೇಬರ ದೋಸ್ತಿಗಳು ಕುರ್ಚಿ ಬಿಟ್ಟುಕೊಟ್ಟರು. ವಿಡಿಯೊ ಒಂದೂ ಬಿಕ್ಕಳಿಕೆಯಿಲ್ಲದೆ ಹಾಲಿನ ಹಾಗೆ ಹರಿಯುತ್ತಿತ್ತು. ಬಳಗದ ಕರ್ನಲ್ ಗೆದ್ದಿತ್ತು! ವೈರಣ್ಣ ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದ.

"ಓಡ್ತಿದೆಯಲ್ಲೇ. ನೆಟ್ಟಗೆ. ನಿನ್ನ ತಮ್ಮನ ಮುಂದೇನೇ."

"ಓಡ್ತಿದೆ, ನಾನೆಲ್ಲಿ ಇಲ್ಲ ಅಂದೆ? ಮೇಲಿನ ಮನೇಲಿ ಓಡ್ತಿದೆ," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಹಾಗಾದ್ರೆ ನಿಮ್ಮ ವೈರುಗಳಿಗೂ ಇಲ್ಲೇ ಜಾಗ ಕೇಳಿ. ನಾಳೆ ಬೆಳಿಗ್ಗೆ ಮಷಿನ್ ಬರುತ್ತೆ."

ಭಾಮೈದ ನಗು ತಡೆಯಲು ಕೆಮ್ಮಿದ. ವೈರಣ್ಣನ ಮುಖ ಬಾಡಿತು. ಅವನ ಮುಖ ನೋಡಿ ಸಾಹೇಬರ ಮನಸ್ಸು ಕರಗಿತು. ಅವರು ಅವನನ್ನು ಬಾಲ್ಕನಿಗೆ ಕರೆದೊಯ್ದು ಹೆಗಲ ಮೇಲೆ ಕೈಯಿಟ್ಟರು.

"ನಂದೂ ಬೆಳಗಿಂದ ಕೈಕೊಡ್ತಿತ್ತು ಕಣಯ್ಯಾ. ಹೇಳೋಕೆ ನಾಚಿಕೆ ಆಯ್ತು. ಬೇಜಾರು ಮಾಡ್ಕೋಬೇಡ. ನಮ್ಮ ಹಿಂದಿನ ಕೋಣೆ ಖಾಲಿನೇ ಇದೆ. ವೈರು, ಗೀರು ಎಲ್ಲಾ ತಂದು ಇಟ್ಕೋ. ಇಬ್ರೂ ಸೇರಿ ಕೆಲಸ ಮಾಡೋಣ."

ವೈರಣ್ಣನ ಕಣ್ಣು ತುಂಬಿತು. "ನಿಮ್ಮ ಉಪಕಾರ ಮರೆಯಲ್ಲ ಸಾಹೇಬ್ರೇ."

"ಒಂದೇ ಮಾತು," ಎಂದರು ಸಾಹೇಬರು, ಅಲ್ಲೇ ಇದ್ದ ತಮ್ಮ ಲ್ಯಾಪ್‌ಟಾಪನ್ನು ಅವನ ಕೈಗೆ ಕೊಡುತ್ತ. "ನಾನು ಏನು ಹಾಕೋಕೆ ಹೋದ್ರೂ ಬೀಗ ಬಿದ್ದಿದೆ ಅಂತಿದೆ, ಮೊದ್ಲು ನೀನು ಜಡಿದಿರೋ ಆ ಬೀಗ ತೆಗಿ. ವಿಡಿಯೊ ಎಷ್ಟೇ ಚೆನ್ನಾಗಿ ಓಡ್ಲಿ, ನನ್ನ ಮನೇಲಿ ಕಂಪನಿ ಕರ್ನಲ್ಲೇ."