ಸಮುದ್ರಕ್ಕೆ ವಾಕರ್ ಇಳಿಸಿದ ಅಪ್ಪಚ್ಚಿ

ನಮ್ಮ ಅಪ್ಪಚ್ಚಿ ಶ್ರೀಲಂಕಾದ ದಕ್ಷಿಣ ಕರಾವಳಿಯ ಹೆಸರಾಂತ ಕಡಲತೀರಗಳನ್ನೆಲ್ಲ ನೋಡಿ ಬಂದಿದ್ದಾರೆ. ಸಮುದ್ರವನ್ನು ಮಾತ್ರ ನೋಡಿಲ್ಲ! ಇದು ಉತ್ಪ್ರೇಕ್ಷೆ ಅನ್ನಿಸಿದರೆ ನನ್ನ ಹೆಂಡತಿಯನ್ನು ಕೇಳಬಹುದು. ಪ್ರವಾಸದುದ್ದಕ್ಕೂ ನಾವಿಬ್ಬರೂ ಅವರ ಜೊತೆಗಿದ್ದೆವು. ನಾವು ಅಲೆ ನೋಡುತ್ತಿದ್ದಾಗ ಅವರು ನೆಲ ನೋಡುತ್ತಿದ್ದರು. ನಾವು ಸೂರ್ಯಾಸ್ತಕ್ಕೆ ಮುಖ ಮಾಡಿ ನಿಂತಾಗ ಅವರು ಶೌಚಾಲಯದ ಬಾಗಿಲ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದರು.

ಅಪ್ಪಚ್ಚಿ ಎಂದರೆ ನನ್ನ ಅಪ್ಪನ ತಮ್ಮ. ಮೂಲ ಹೇರೂರಿನ ಕಡೆಯಾದರೂ ನೌಕರಿಗೆಂದು ಶಿರಸಿ ಪೇಟೆಗೆ ಬಂದು, ನಿವೃತ್ತರಾಗಿ ಅಲ್ಲೇ ನಿಂತವರು. ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ ಹಿರಿಯರು ಗಂಡಿನ ಮನೆಯನ್ನೊಮ್ಮೆ ನೋಡಿ ಬರುವ ಪದ್ಧತಿ ಇದೆ. ಆ ಕೆಲಸಕ್ಕೆ ವಾನಳ್ಳಿಯಿಂದ ಮನ್ಮನೆಯವರೆಗಿನ ನೆಂಟರೆಲ್ಲರಿಗೂ ಅಪ್ಪಚ್ಚಿಯೇ ಬೇಕು. ಉಳಿದವರು ಜಗುಲಿಯಲ್ಲಿ ಕೂತು ಹುಡುಗನ ಓದು, ಗೋತ್ರ ವಿಚಾರಿಸುತ್ತಿದ್ದರೆ ಇವರು "ಕೈ ತೊಳ್ಕಂಡು ಬತ್ತೆ" ಎಂದು ಹಿತ್ತಿಲಿಗೆ ನಡೆದುಬಿಡುತ್ತಾರೆ. ಬಾವಿಕಟ್ಟೆ ಎಷ್ಟು ಎತ್ತರ, ಬಚ್ಚಲ ನೆಲ ಜಾರುತ್ತದೆಯೇ, ಅಡುಗೆಮನೆಗೆ ಬೆಳಕಿದೆಯೇ ಎಂದೆಲ್ಲ ನೋಡುತ್ತಾರೆ. ಹುಡುಗನನ್ನು ನೋಡುತ್ತಾರೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ! ಒಮ್ಮೆ ಮನ್ಮನೆಯ ಬದಿಯ ಸಂಬಂಧವೊಂದನ್ನು ನೋಡಿ ಬಂದು ತೀರ್ಪು ಕೊಟ್ಟರು: "ಮಾಣಿ ಅಡ್ಡಿಲ್ಲೆ. ಬಚ್ಚಲಿಗೆ ಇಳಿಯೋ ಮೆಟ್ಲು ಸರಿ ಇಲ್ಲೆ, ಕತ್ಲೆ ಬೇರೆ. ನಾಳೆ ಬಸುರಿ ಹೆಂಗ್ಸು ಹ್ಯಾಂಗೆ ಇಳೀತು?" ಗಂಡಿನವರು ಮೆಟ್ಟಿಲು ಒಡೆಸಿ, ಬಚ್ಚಲಿಗೆ ಬಲ್ಬು ಹಾಕಿಸಿದ ಮೇಲೆಯೇ ಮದುವೆಯ ದಿನ ನಿಶ್ಚಯವಾಯಿತು.

ಊರಿನ ಬಚ್ಚಲುಗಳನ್ನೆಲ್ಲ ಪರೀಕ್ಷಿಸಿದ ಇಂಥವರ ಮನೆಯಲ್ಲೇ ನಮ್ಮ ಚಿಕ್ಕಿ, ಅಂದರೆ ಅಪ್ಪಚ್ಚಿಯ ಹೆಂಡತಿ, ಬಿದ್ದರು. ಬಚ್ಚಲಲ್ಲೂ ಅಲ್ಲ, ಕತ್ತಲಲ್ಲೂ ಅಲ್ಲ. ಮಟಮಟ ಮಧ್ಯಾಹ್ನ, ನಡುಮನೆಯಲ್ಲಿ, ಒಣಗಿದ ಕಾಲೊರಸಿನ ಮೇಲೆ! ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಮೂಳೆ ಕೂಡಿತು. ಇನ್ನು ನಡೆಯಲೇಬೇಕು ಎಂದು ಡಾಕ್ಟರು ಹೇಳಿದರು. ಹೊಳೆಯುವ ಅಲ್ಯೂಮಿನಿಯಂ ವಾಕರ್ ಬಂತು. ಚಿಕ್ಕಿ ಅದರ ಮೇಲೆ ಟವೆಲು ಒಣಗಿಸಿದರು. ಯಾರಾದರೂ ಎರಡೂ ಕಡೆ ಹಿಡಿದುಕೊಂಡರೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಅಷ್ಟೇ ಅವರ ಸಂಚಾರ. ನೋವಿಲ್ಲ, ಭಯ. "ನೆಲನೇ ನಂಬಲಾಗ್ತಿಲ್ಲೆ" ಎನ್ನುತ್ತಿದ್ದರು. ಹೀಗೇ ಕೂತರೆ ಮುಂದೆ ಏಳುವುದೇ ಕಷ್ಟ ಎಂದು ಡಾಕ್ಟರು ಅಪ್ಪಚ್ಚಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಶ್ರೀಲಂಕಾ ಪ್ರವಾಸ ನಿಶ್ಚಯವಾದದ್ದು ಈ ಬೀಳುವಿಕೆಗೆ ಮುಂಚೆ, ಅದೂ ಚಿಕ್ಕಿಯ ಆಸೆಗಾಗಿ. ಶಿರಸಿಯವರಿಗೆ ಸಮುದ್ರವೇ ಬೇಕಾದರೆ ಘಟ್ಟ ಇಳಿದರಾಯಿತಲ್ಲ, ವಿಮಾನ ಯಾಕೆ? ಚಿಕ್ಕಿ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದರು. ಅಲ್ಲಿನ ದಕ್ಷಿಣ ತೀರದಲ್ಲಿ ಮೀನುಗಾರರು ನೀರೊಳಗೆ ಕಂಬ ನೆಟ್ಟು, ಅದರ ಮೇಲೆ ಕೊಕ್ಕರೆಯ ಹಾಗೆ ಕೂತು ಗಾಳ ಹಾಕುತ್ತಾರೆ. "ಇವ್ಕೆ ಸೊಂಟ ನೋವಾಗ್ತಿಲ್ಯ? ಹೋಗಿ ಕೇಳವು" ಎಂದಿದ್ದರು. ಈಗ ಅವರದೇ ಸೊಂಟ ಮುರಿದಿತ್ತು.

"ನಿಂಗ ಹೋಗ್ಬನ್ನಿ. ಆನು ಮುಂದಿನ ಸಲ ಬತ್ತೆ" ಎಂದು ಚಿಕ್ಕಿಯೇ ಒತ್ತಾಯಿಸಿದರು. ನೆಂಟರ ಮನೆಯಲ್ಲಿ ಊಟಕ್ಕೆ ಏಳಿ ಎಂದಾಗ "ಇನ್ನೊಂದ್ಸಲ ಬಂದಾಗ" ಅನ್ನುತ್ತೇವಲ್ಲ, ಆ ಮಾತಿಗಿರುವಷ್ಟೇ ತೂಕ ಇದಕ್ಕೂ ಎಂದು ನಾವು ತಿಳಿದೆವು. ಅಪ್ಪಚ್ಚಿ ಹಾಗೆ ತಿಳಿಯಲಿಲ್ಲ.

"ನಿನ್ನ ಚಿಕ್ಕಿ ಬತ್ತಡ. ಹಂಗಾದ್ರೆ ಮೊದ್ಲು ಜಾಗ ನೋಡ್ಕ ಬರವು" ಎಂದವರೇ ವಾಕರನ್ನು ಪ್ಯಾಕ್ ಮಾಡಿದರು!

"ಅಪ್ಪಚ್ಚಿ, ಚಿಕ್ಕಿಗೆ ಬೇಕಲ್ಲ ಅದು?" ಎಂದೆ.

"ಟವೆಲ್ ಒಣಗ್ಸಲೆ ಹಗ್ಗ ಕಟ್ಟಿದ್ದೆ ತಮಾ."

ಚಿಕ್ಕಿಯನ್ನು ನೋಡಿಕೊಳ್ಳಲು ಅವರ ಮಗಳು ಯಲ್ಲಾಪುರದಿಂದ ಬಂದಳು. ನಾವು ಮೂವರು ಮತ್ತು ಒಂದು ವಾಕರ್ ಹೊರಟೆವು. ವಿಮಾನ ನಿಲ್ದಾಣದಲ್ಲಿ ಅದನ್ನು ಕಂಡ ಸಿಬ್ಬಂದಿ ಗಾಲಿಕುರ್ಚಿ ತಂದು ನಿಲ್ಲಿಸಿದ. ಅಪ್ಪಚ್ಚಿ ವಾಕರನ್ನು ಅದರಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೈ ಬೀಸಿಕೊಂಡು ನಡೆದರು. ನನ್ನ ಹೆಂಡತಿ ನಾಚಿಕೆಯಿಂದ ಬೇರೆ ಸಾಲಿಗೆ ಹೋಗಿ ನಿಂತಳು.

"ಪಾಪ, ಮರ್ಯಾದಿಂದ ತಂದ. ಬ್ಯಾಡ ಹೇಳಲಾಗ್ತ?" ಎಂದರು ಅಪ್ಪಚ್ಚಿ.

ಗಾಲ್ ಪಟ್ಟಣದ ಹಳೆಯ ಕೋಟೆ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದೆ. ಅಗಲವಾದ ಗೋಡೆಯ ಮೇಲೆ ಹುಲ್ಲು, ಕೆಳಗೆ ಬಂಡೆಗೆ ಅಪ್ಪಳಿಸುವ ನೀರು, ತುದಿಯಲ್ಲಿ ಬಿಳಿಯ ದೀಪಸ್ತಂಭ. ಎಲ್ಲರೂ ಫೋಟೊ ತೆಗೆಯುತ್ತಿದ್ದರೆ ಅಪ್ಪಚ್ಚಿ ಆ ಗೋಡೆಯ ಮೇಲೆ ವಾಕರ್ ನಡೆಸಿದರು. ತೀರ್ಪು: "ಗೋಡೆ ಅಡ್ಡಿಲ್ಲೆ. ಕೂತ್ಕಂಬ್ಲೆ ನೆಳಲಿಲ್ಲೆ." ಉನವಟುನದ ತೀರ ಚಿತ್ರದಲ್ಲಿರುವುದಕ್ಕಿಂತ ಚೆಂದ, ಆದರೆ ವಾಕರಿನ ಕಾಲು ಮರಳಿನಲ್ಲಿ ಹುಗಿಯಿತು. ಅದೂ ನಪಾಸು. ಮಿರಿಸ್ಸದಲ್ಲಿ ಕಡಲಿಗೆ ಚಾಚಿದ ಕೆಂಪು ಗುಡ್ಡವೊಂದಿದೆ, ಮೈತುಂಬ ತೆಂಗಿನ ಮರ. ಅದನ್ನು ನೋಡಲೆಂದೇ ದೇಶದೇಶಗಳಿಂದ ಜನ ಬರುತ್ತಾರೆ. ಅಪ್ಪಚ್ಚಿ ಬುಡದಲ್ಲೇ ನಿಂತು, "ತೆಂಗಿನ ಮರ ನೋಡಲೆ ವಿಮಾನ ಹತ್ತಿದ್ವ ಮಾರಾಯಾ?" ಎಂದರು. ಏರು ಜಾಸ್ತಿ ಎಂದು ಗುಡ್ಡವನ್ನೂ ತಿರಸ್ಕರಿಸಿದರು.

ಆ ಸಂಜೆ ಚಿಕ್ಕಿಯ ಫೋನು ಬಂತು. ಅಪ್ಪಚ್ಚಿ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು.

"ಸಮುದ್ರ ಹ್ಯಾಂಗಿದ್ದು?"

"ಉಸುಕು ಸಡ್ಲ ಇದ್ದು."

"ಅದಲ್ಲ, ನೀರಿನ ಬಣ್ಣ ಎಂತ?"

"ಬಣ್ಣನಾ... ತಡಿ." ನನ್ನ ಕಡೆ ತಿರುಗಿ, "ತಮಾ, ಎಂತ ಬಣ್ಣ?"

ಕೊಗ್ಗಲದಲ್ಲಿ ಕಂಬದ ಮೇಲಿನ ಮೀನುಗಾರರು ಸಿಕ್ಕರು. ಅಪ್ಪಚ್ಚಿ ಹೆಂಡತಿಯ ಪ್ರಶ್ನೆಯನ್ನು ಮರೆತಿರಲಿಲ್ಲ. ನಮ್ಮ ವ್ಯಾನಿನ ಚಾಲಕನ ಮೂಲಕ, ಸೊಂಟ ನೋಯುವುದಿಲ್ಲವೇ ಎಂದು ಕೇಳಿಸಿದರು. ಮೇಲಿದ್ದವನು ಗಟ್ಟಿಯಾಗಿ ನಕ್ಕು ಏನೋ ಹೇಳಿದ. ಚಾಲಕ ಇಂಗ್ಲಿಷಿಗೆ ಅನುವಾದಿಸಿದ: "ನೋಯುತ್ತದಂತೆ. ಅದಕ್ಕೇ ಬೇಗ ಫೋಟೊ ತೆಗೆದುಕೊಳ್ಳಿ ಅಂತಾನೆ!"

ಕೊನೆಗೆ ಮಾತರದ ಹತ್ತಿರ ಪೊಲ್ಹೇನ ಎಂಬ ತೀರ. ಸ್ವಲ್ಪ ದೂರದಲ್ಲಿ ಹವಳದ ದಿಬ್ಬವೊಂದು ಅಲೆಗಳನ್ನು ತಡೆಯುವುದರಿಂದ ದಂಡೆಯ ನೀರು ಕೆರೆಯಂತೆ ಸುಮ್ಮನಿರುತ್ತದೆ. ಒದ್ದೆ ಮರಳು ಗಟ್ಟಿ. ಅಪ್ಪಚ್ಚಿ ವಾಕರ್ ಊರಿದರು, ಹುಗಿಯಲಿಲ್ಲ. ಇನ್ನೊಂದು ಹೆಜ್ಜೆ, ಮತ್ತೊಂದು. ಪಂಚೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದೇಬಿಟ್ಟರು. ವಾಕರ್ ಹಿಡಿದ ಮುದುಕನೊಬ್ಬ ಸಮುದ್ರಕ್ಕೆ ಹೋಗುತ್ತಿದ್ದಾನೆ ಎಂದು ಗಾಬರಿಬಿದ್ದ ಇಬ್ಬರು ವಿದೇಶಿ ಹೆಂಗಸರು ಓಡಿ ಬಂದು ಅವರ ತೋಳು ಹಿಡಿದರು.

"ನೋ ನೋ! ನಾಟ್ ಫಾರ್ ಮೀ. ಫಾರ್ ವೈಫ್!" ಎಂದರು ಅಪ್ಪಚ್ಚಿ.

ಅಷ್ಟೇ ಸಾಕಾಯಿತು! ಹೆಂಡತಿ ನೀರಿನಲ್ಲಿದ್ದಾಳೆ ಎಂದು ತಿಳಿದು ಒಬ್ಬಳು ಈಜಲು ಧುಮುಕಿದಳು, ಇನ್ನೊಬ್ಬಳು ಸಹಾಯಕ್ಕೆ ಕೂಗಿದಳು. ನಾನು ಓಡಿಹೋಗಿ, ಹೆಂಡತಿ ಶಿರಸಿಯಲ್ಲಿ ಕ್ಷೇಮವಾಗಿದ್ದಾರೆ ಎಂದು ವಿವರಿಸುವಷ್ಟರಲ್ಲಿ ದಂಡೆಯ ತುಂಬ ಜನ. ಅಪ್ಪಚ್ಚಿಯ ಗಮನ ಅಲ್ಲಿರಲಿಲ್ಲ. ನೀರಲ್ಲಿ ನಿಂತು ವಾಕರನ್ನು ಅಲುಗಾಡಿಸಿ ನೋಡುತ್ತಿದ್ದರು. "ತಮಾ, ಇದು ಆಗ್ತು" ಎಂದರು. ಆಮೇಲೆ ಶೌಚಾಲಯ ಹುಡುಕಿಕೊಂಡು ಹೋದರು.

ಶಿರಸಿಗೆ ಮರಳಿದಾಗ ಚಿಕ್ಕಿ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು. ಅಪ್ಪಚ್ಚಿ ಕೈಕಾಲು ತೊಳೆಯುವ ಮೊದಲೇ ವರದಿ ಒಪ್ಪಿಸತೊಡಗಿದರು. ಎಲ್ಲಿ ನೆರಳು, ಎಲ್ಲಿ ಏರು, ಎಲ್ಲಿ ಗೋಡೆಗೆ ಹಿಡಿದುಕೊಳ್ಳುವ ಸರಳು. ಪೊಲ್ಹೇನದ ಹೆಂಗಸರ ಕಥೆಯನ್ನು ನನ್ನ ಹೆಂಡತಿ ಹೇಳಿದಾಗ ಚಿಕ್ಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಅಪ್ಪಚ್ಚಿಯ ಕಡೆ ತಿರುಗಿದರು.

"ಆನು ಬತ್ತಿಲ್ಲೆ ಹೇಳಿ ನಿಂಗಕ್ಕೆ ಗೊತ್ತಿತ್ತಿಲ್ಯ?"

"ಗೊತ್ತಿತ್ತು."

"ಮತ್ತೆಂತಕ್ಕೆ ಇಷ್ಟೆಲ್ಲ?"

"ಅಕಸ್ಮಾತ್ ನೀ ಬಂದ್ರೆ ಹೇಳಿ ನೋಡ್ಕಂಡು ಬಂದೆ."

ಅಪ್ಪಚ್ಚಿ ಏನೂ ಆಗದವರಂತೆ ವಾಕರನ್ನು ತಿರುವಿ ಹಾಕಿ, ಅದರ ಕಾಲಿನ ರಬ್ಬರ್ ಬಿರಡೆ ಕಿತ್ತರು. ಒಂದು ಹಿಡಿ ಮರಳು ಜಗುಲಿಯ ಮೇಲೆ ಸುರಿಯಿತು. ಚಿಕ್ಕಿ ಅದನ್ನು ನೋಡುತ್ತ ಕೂತರು. ಆಮೇಲೆ ಬಲಗಾಲು ಚಾಚಿ ಹೆಬ್ಬೆರಳಿನಿಂದ ಮುಟ್ಟಿದರು, ಅಂಗಾಲು ಊರಿದರು.

"ಅದನ್ನ ಇಲ್ಲಿ ಕೊಡಿ" ಎಂದರು.

ಅಪ್ಪಚ್ಚಿ ಬಿರಡೆ ಮತ್ತೆ ಸಿಕ್ಕಿಸಿ ವಾಕರನ್ನು ಮುಂದಿಟ್ಟರು. ಚಿಕ್ಕಿ ಎದ್ದು ನಿಂತರು. ಹಿಡಿಯಲು ಹೋದ ಮಗಳನ್ನು ಅಪ್ಪಚ್ಚಿ ಕಣ್ಣಲ್ಲೇ ತಡೆದರು. ಮರಳು ದಾಟಿ ಒಂದು ಹೆಜ್ಜೆ, ನಿಂತು ಉಸಿರು, ಇನ್ನೊಂದು ಹೆಜ್ಜೆ. ಹಾಗೇ ಜಗುಲಿಯ ಕಂಬದ ತನಕ ಹೋಗಿ ಅದನ್ನು ಅಪ್ಪಿ ನಿಂತುಕೊಂಡರು. ಅಪ್ಪಚ್ಚಿ ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಹಿಂದೆಯೇ ನಡೆದಿದ್ದರು.

"ಸಾಕು ಇವತ್ತಿಗೆ. ಗೇಟಿನ ತನಕ ನಾಳೆ ನೋಡನ" ಎಂದರು ಚಿಕ್ಕಿ.

ಅವರನ್ನು ಕುರ್ಚಿಗೆ ಮುಟ್ಟಿಸಿದ ಮೇಲೆ, ಉಪ್ಪು ಹಿಡಿದರೆ ಹಾಳಾಗುತ್ತದೆ ಎನ್ನುತ್ತ ಅಪ್ಪಚ್ಚಿ ವಾಕರನ್ನು ಅಂಗಳದ ನಲ್ಲಿಯ ಕೆಳಗೆ ಒಯ್ದು, ನಮ್ಮ ಕಡೆ ಬೆನ್ನು ಹಾಕಿ ತೊಳೆಯಲು ಕೂತರು. ಉಪ್ಪು, ಮರಳು ಎಲ್ಲ ಯಾವಾಗಲೋ ಹೋಗಿತ್ತು. ಅವರು ತೊಳೆಯುತ್ತಲೇ ಇದ್ದರು.