ಹೋರೇಸನ ಸೊಟ್ಟ ಕಿರುಬೆರಳು

ಟಿಕೆಟ್ ಕಿಟಕಿಯ ಪಕ್ಕದ ಮೊಳೆಗೆ ಹನ್ನೊಂದು ವರ್ಷದಿಂದ ಹೋರೇಸ್ ಟಾಲ್ಬರ್ಟನ ಫೋಟೋ ತೂಗುತ್ತಿತ್ತು. ಕೆಳಗೆ 'ನಮ್ಮ ಅತ್ಯುತ್ತಮ ಗೈಡ್' ಎಂಬ ಬರಹ. ಮ್ಯಾನೇಜರ್ ಬ್ರೂಸಾರ್ ಇವತ್ತು ಅದನ್ನಿಳಿಸಿ ಹೊಸ ಗೈಡ್ ಡೆಲ್ಫಿನಳ ಫೋಟೋ ಹಾಕುತ್ತಾರಂತೆ ಎಂದು ಟಿಕೆಟ್ ಹರಿಯುವ ವರ್ನಾ ಬೆಳಿಗ್ಗೆಯೇ ಅವನ ಕಿವಿಯಲ್ಲಿ ಊದಿದಳು. ಹೋರೇಸ್ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟ.

ಈಗ ಮ್ಯೂಸಿಯಂ ಆಗಿದ್ದ, ನದಿದಂಡೆಯ ಆ ಹಳೆಯ ಕಬ್ಬಿನ ತೋಟದ ಬಂಗಲೆಯಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ನ್ಯೂ ಆರ್ಲಿಯನ್ಸ್‌ನಿಂದ ಬಸ್ಸಿನಲ್ಲಿ ಬಂದವರಿಗೆ ತನ್ನ ಸೊಟ್ಟ ಕಿರುಬೆರಳಿನಿಂದಲೇ ತೋರಿಸುತ್ತ, ಯಾವ ಕುರ್ಚಿ ಯಾವ ಹಡಗಿನಲ್ಲಿ ಬಂತು, ಯಾವ ದೊರೆಸಾನಿ ಯಾವ ಚಮಚೆಯಲ್ಲಿ ಸೂಪು ಕುಡಿದಳು ಎಲ್ಲ ಹೇಳುತ್ತಿದ್ದ. ಈಗ ಆ ಚಮಚೆ ಯಾರಿಗೆ ಬೇಕು? ಮೊನ್ನೆ ಮೊನ್ನೆ ಸೇರಿದ ಡೆಲ್ಫಿನ್ ಜನರನ್ನು ನೇರ ಹಿತ್ತಲಿನ ಅಡುಗೆಮನೆಗೆ ಕರೆದೊಯ್ದು, "ನನ್ನ ಮುತ್ತಜ್ಜಿಯ ಅಜ್ಜಿ ಜೆಲೀನ್ ಇದೇ ಒಲೆ ಮುಂದೆ ಗುಲಾಮಗಿರಿಲಿ ಬೆಂದು ಹೋದ್ಲು" ಅನ್ನುತ್ತಿದ್ದಳು. ಬಸ್ಸಿಗೆ ಬಸ್ಸೇ ಅಳುತ್ತಿತ್ತು. ಅತಿಥಿಗಳ ಪುಸ್ತಕದ ತುಂಬ ಅವಳದೇ ಹೆಸರು. ಹೋರೇಸನ ಹಿರಿಯರೂ ಗುಲಾಮರೇ. ಆದರೆ ಅವರು ನದಿಯ ಮೇಲ್ಭಾಗದ ನಾಚೆಜ್ ಊರಿನವರು, ಇಲ್ಲಿ ಯಾರನ್ನೂ ಅಳಿಸುವುದಕ್ಕೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಅವನು ನೆಟ್ಟಗೆ ನಿದ್ದೆ ಮಾಡಿ ಮೂರು ತಿಂಗಳಾಗಿತ್ತು.

"ಕಾಫಿ ಆಯ್ತಾ, ಅಣ್ಣಾ?" ಎನ್ನುತ್ತ ಡೆಲ್ಫಿನ್ ಒಳಗೆ ಬಂದಳು.

"ನಾನು ಯಾವ ಸೀಮೆ ಅಣ್ಣ ನಿನಗೆ?" ಎಂದು ಸಿಡುಕಿ ಹೋರೇಸ್ ಎದ್ದುಹೋದ.

ವರ್ನಾ ಹಿಂದೆಯೇ ಬಂದಳು. "ಅವಳು ಹೇಳೋದೆಲ್ಲ ನಿಜ ಅಂತ ಏನು ಗ್ಯಾರಂಟಿ? ನಮ್ಮ ಚರ್ಚಿನ ಯೂಲಾಲಿ ಅಜ್ಜಿನ ಕರ್ಕೊಂಡ್ ಬಾ. ಈ ಸೀಮೇಲಿ ಯಾರು ಯಾರಿಗೆ ಹುಟ್ಟಿದ್ರು ಅನ್ನೋದು ಆಯಮ್ಮಂಗೆ ಬಾಯಿಪಾಠ."

ಹೋರೇಸ್ ಕಾರು ತೆಗೆದ. ತೊಂಬತ್ತೊಂದರ ಅಜ್ಜಿ ಸುಲಭಕ್ಕೆ ಹೊರಡುವ ಪೈಕಿಯಲ್ಲ. ನೇರಳೆ ಬಣ್ಣದ ಚರ್ಚಿನ ಟೋಪಿ ಹುಡುಕಲು ಅರ್ಧ ಗಂಟೆ, ದಾರಿಯಲ್ಲಿ ಕರಿದ ಮೀನು ತಿನ್ನಲು ಮುಕ್ಕಾಲು ಗಂಟೆ. ಆ ದೊಡ್ಡ ಟೋಪಿ ಅಜ್ಜಿಯ ಸೀಟಿನಲ್ಲಿ ಹಿಡಿಯಲಿಲ್ಲವೆಂದು ಅದನ್ನು ಹೋರೇಸನೇ ತೊಡೆಯ ಮೇಲಿಟ್ಟುಕೊಂಡು ಕಾರು ಓಡಿಸಬೇಕಾಯಿತು. ಹನ್ನೆರಡು ಗಂಟೆಯ ಗುಂಪು ಅಡುಗೆಮನೆಗೆ ನುಗ್ಗುವ ಹೊತ್ತಿಗೆ ಅವನು ಅಜ್ಜಿಯ ಕೈಹಿಡಿದು ನಡೆಸಿ ಒಲೆಯ ಪಕ್ಕ ಕೂರಿಸಿದ. ನಲವತ್ತು ಜನ ಪ್ರವಾಸಿಗರು, ಹಿಂದೆ ಬ್ರೂಸಾರ್. ದಾರಿಯಲ್ಲಿ ಅಜ್ಜಿಗೆ ಏನೂ ಕೇಳದೆ ಬಂದಿದ್ದ; ಎಲ್ಲರೆದುರೇ ಡೆಲ್ಫಿನಳ ಸುಳ್ಳು ಬಯಲಾಗಲಿ, ಇನ್ನೇನು ಬೇಕು ಎಂದು ಅವನ ಮನಸ್ಸು ಹಿಗ್ಗಿತು.

ಡೆಲ್ಫಿನ್ ಶುರುಮಾಡಿದಳು. ಜನ ಕರವಸ್ತ್ರ ತೆಗೆದರು. ಹೋರೇಸ್ ಎಲ್ಲರಿಗೂ ಕೇಳುವಂತೆ, "ಅಜ್ಜಿ, ಜೆಲೀನ್ ಅನ್ನೋಳು ಈ ಬಂಗಲೇಲಿ ಇರಲೇ ಇಲ್ಲ ಅಲ್ವಾ?" ಎಂದ.

"ಇರ್ಲಿಲ್ಲ ಅಂದೋರ್ ಯಾರೋ?" ಅಜ್ಜಿ ಗದರಿದಳು. "ಜೆಲೀನ್‌ಗೆ ಇಬ್ರು ಹೆಣ್ಮಕ್ಳು. ಚಿಕ್ಕವಳು ಇಲ್ಲೇ ಉಳಿದ್ಲು, ಈ ಹುಡುಗಿ ಅವಳ ಕುಡಿ. ದೊಡ್ಡವಳನ್ನ ಒಂಬತ್ತು ವರ್ಷಕ್ಕೇ ದೋಣಿ ಹತ್ತಿಸಿ ನಾಚೆಜ್‌ಗೆ ಮಾರಿಬಿಟ್ರು. ತಾಯಿ ಹಾಗೇನೇ ಅವಳಿಗೂ ಕಿರುಬೆರಳು ಸೊಟ್ಟ. ಕೈ ಬೀಸ್ತಾ ಹೋದಾಗ ಕೊನೇಗೆ ಕಂಡಿದ್ದು ಆ ಬೆರಳೇ ಅಂತ ನಮ್ಮಜ್ಜಿ ಹೇಳ್ತಿದ್ಲು."

"ಅವಳ ಹೆಸರು ನಮ್ಮನೇಲಿ ಯಾರಿಗೂ ಗೊತ್ತಿಲ್ಲ, ಅಜ್ಜಿ" ಎಂದಳು ಡೆಲ್ಫಿನ್ ಸಣ್ಣ ದನಿಯಲ್ಲಿ.

"ನಂಗೊತ್ತು. ಆದ್ರೆ ಇವನು ಹೇಳ್ಲಿ. ಕೈ ಹಿಡ್ಕೊಂಡಾಗ್ಲೇ ಅನುಮಾನ ಬಂತು. ನಿಮ್ಮಜ್ಜಿಯ ಅಜ್ಜಿ ಹೆಸರೇನೋ?"

ಹೋರೇಸ್ ತನ್ನ ಬೆರಳನ್ನು ನೋಡಿಕೊಂಡ. ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟ ಮೊಟ್ಟಮೊದಲ ಹೆಸರು ತಾನಾಗಿಯೇ ಬಾಯಿಗೆ ಬಂತು. "ಸಬೀನಾ."

"ಅದೇ" ಎಂದಳು ಅಜ್ಜಿ.

ಡೆಲ್ಫಿನ್ ಓಡಿಬಂದು ಅವನನ್ನು ತಬ್ಬಿಕೊಂಡಳು. ಒಂಬತ್ತು ವರ್ಷದ ಆ ಹುಡುಗಿಯನ್ನು ನೆನೆದು, ಐವತ್ತೆಂಟರ ಹೋರೇಸ್ ಅವಳ ಹೆಗಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಹೊಟ್ಟೆಕಿಚ್ಚೆಲ್ಲ ಆ ಹೊತ್ತಿಗೆ ಕರಗಿಹೋಯಿತು. ಬ್ರೂಸಾರ್ ಫೋಟೋ ಹೊಡೆದರು.

ಒಂದೂವರೆಗೆಲ್ಲ ಮೊಳೆಗೆ ಹೊಸ ಫೋಟೋ ಬಂತು. ಅದರ ತುಂಬ ಡೆಲ್ಫಿನಳ ಕಣ್ಣೀರು ತುಂಬಿದ ಚೆಂದದ ಮುಖ. ಹೋರೇಸನದು ಬೋಳಾಗುತ್ತಿರುವ ಹಿಂದಲೆ ಮಾತ್ರ. ಕೆಳಗೆ: 'ನಮ್ಮ ಅತ್ಯುತ್ತಮ ಗೈಡ್, ಅಣ್ಣನೊಂದಿಗೆ'.

"ಸಾರ್, ಎರಡು ಗಂಟೆಗಿರೋ ನನ್ನ ಟೂರು?"

"ಆ ಚಮಚೆ ಬಿಡಪ್ಪ ಇನ್ನು" ಎಂದರು ಬ್ರೂಸಾರ್. "ನೀನು ಅಡುಗೆಮನೆ ಬಾಗಿಲ ಹಿಂದೆ ನಿಂತಿರು. ಡೆಲ್ಫಿನ್ ಸಬೀನಾ ಅಂದ ತಕ್ಷಣ ಬೆರಳೆತ್ತಿಕೊಂಡು ಹೊರಗೆ ಬಾ, ತಬ್ಕೊಂಡು ಅಳು. ದಿನಕ್ಕೆ ನಾಲ್ಕು ಸಲ."

ಎರಡು ಗಂಟೆಗೆ ಹೋರೇಸ್ ಬೆರಳೆತ್ತಿಕೊಂಡು ಹೊರಗೆ ಬಂದ. ಆದರೆ ಮನಸ್ಸು ಆ ಫೋಟೋವನ್ನೇ ನೆನೆಯುತ್ತಿತ್ತು. ಕರಗಿದ್ದ ಕಿಚ್ಚು ಮತ್ತೆ ಹೊತ್ತಿಕೊಂಡು, ಎಷ್ಟು ತಿಣುಕಿದರೂ ಒಂದು ಹನಿ ನೀರು ಬರಲಿಲ್ಲ. ಒಣ ಕಣ್ಣನ್ನೇ ತೋಳಿನಿಂದ ಒರೆಸಿಕೊಂಡ.

ಬಸ್ಸು ಹೋದಮೇಲೆ ಮೆಲ್ಲಗೆ ಅತಿಥಿಗಳ ಪುಸ್ತಕ ತೆರೆದು ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಬಗ್ಗೆಯೂ ಎರಡು ಸಾಲು ಬಂದಿತ್ತು:

'ಡೆಲ್ಫಿನ್ ಬಗ್ಗೆ ಹೇಳಲು ಮಾತೇ ಇಲ್ಲ. ಅಣ್ಣನ ಪಾತ್ರದ ಮುದುಕನನ್ನು ಮಾತ್ರ ದಯವಿಟ್ಟು ಬದಲಾಯಿಸಿ; ಅವನು ಅವಳ ಸಂಬಂಧಿಕ ಅಂದರೆ ಯಾರೂ ನಂಬುವುದಿಲ್ಲ.'