ಖಂಡೇಪೂಜೆಗೆ ಹೊಸ ಕಂಪೈಲರ್

ಈ ಸಲದ ಖಂಡೇಪೂಜೆಯಲ್ಲಿ ಅಪ್ಪನ ಪಾನಾಗಳೆಲ್ಲ ತಾನು ಪೂಜೆಗಿಡುವ ಕಂಪ್ಯೂಟರಿನ ಮುಂದೆ ಮಂಕಾಗಬೇಕು ಎಂದು ಮಾಂತು ಪಣ ತೊಟ್ಟಿದ್ದ!

ಖಡಕಿಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ ಅಪ್ಪ ರಾಮಲಿಂಗಪ್ಪ ಪ್ರತಿ ವರ್ಷ ಆಯುಧಪೂಜೆಯ ನವಮಿಗೆ ನಟ್ಟು ಬಿಗಿಯುವ ಪಾನಾಗಳಿಗೆ ಎಣ್ಣೆ ಹಚ್ಚಿ, ಒರೆಸಿ, ಸಾಲಾಗಿ ಪೂಜೆಗಿಡುತ್ತಿದ್ದರು. ಹಾಗೆ ಇಟ್ಟದ್ದನ್ನು ದಸರೆಯ ಬೆಳಗಿನವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದ ಹದಿನೇಳರ ಮಾಂತುವಿಗೆ ಒರೆಸಲು ಒಂದು ಪಾನಾ ಕೂಡ ಇರಲಿಲ್ಲ. ಇದ್ದದ್ದು ಅಕ್ಕ ರೇಣುವಿನ ಕಂಪ್ಯೂಟರ್. ಅದರಲ್ಲಿ ಅವಳ ಪ್ರಾಜೆಕ್ಟು: ಗ್ರಂಥಾಲಯದ ಯಾವ ಪುಸ್ತಕ ಯಾರ ಹತ್ತಿರ ಇದೆ ಎಂದು ಹೇಳುವ ಪ್ರೋಗ್ರಾಮು. ದಸರೆಯ ಮರುದಿನ ಕಾಲೇಜಿನಲ್ಲಿ ಓಡಿಸಿ ತೋರಿಸದಿದ್ದರೆ ಅವಳ ವರ್ಷವೇ ಹೋದಂತೆ.

ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಹಳೆಯದಾಗಿತ್ತು. ಪೂಜೆಗೆ ತುಕ್ಕು ಹಿಡಿದ ಆಯುಧ ಇಡುವುದುಂಟೆ? ನವಮಿಯ ಬೆಳಿಗ್ಗೆ ರೇಣು ಹೂವು ತರಲು ಹೋದಾಗ ಮಾಂತು ಹಳೆಯದನ್ನು ಅಳಿಸಿ, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಹೊಸದನ್ನು ಹಾಕಿದ. ಪ್ರೋಗ್ರಾಮು ಓಡಿಸಿದ. ನೂರಾ ನಲವತ್ತಾರು ತಪ್ಪು!

ಪಟ್ಟಿ ಸರಸರನೆ ಓಡಿ ಕೊನೆಯ ತಪ್ಪಿನ ಮೇಲೆ ನಿಂತಿತ್ತು. ಮಾಂತು ಅಲ್ಲಿಂದಲೇ ಮೇಲಕ್ಕೆ ಹೊರಟ. ಜಾಗರೂಕ ಹುಡುಗ, ಯಾವ ಸಾಲನ್ನೂ ಅಳಿಸಲಿಲ್ಲ. ತಪ್ಪೆಂದು ತೋರಿಸಿದ ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಎಳೆದ. ಗೆರೆ ಬಿದ್ದ ಸಾಲನ್ನು ಕಂಪೈಲರ್ ಓದುವುದೇ ಇಲ್ಲ, ತಕರಾರೂ ಮಾಡುವುದಿಲ್ಲ. ಅಪ್ಪ ಪೂಜೆಗೆ ಮೂರನೆಯ ಸಲ ಕರೆಯುವಷ್ಟರಲ್ಲಿ ಪರದೆಯ ಮೇಲೆ ತಪ್ಪುಗಳ ಸಂಖ್ಯೆ: ಸೊನ್ನೆ.

ಕುಂಕುಮ ಹಿಡಿದು ಬಂದ ಅವ್ವ ರುದ್ರವ್ವ, ಪಾನಾದಲ್ಲಾದರೆ ಹಿಡಿಕೆಗೆ ಹಚ್ಚುವುದು ಗೊತ್ತು, ಇದರಲ್ಲಿ ಭಾಳ ದುಡಿದ ಬಟನ್ ಯಾವುದು ಎಂದು ಕೇಳಿದಳು. ಮಾಂತು ಎದೆಯುಬ್ಬಿಸಿ ಓರೆಗೆರೆಯ ಬಟನ್ ತೋರಿಸಿದ. ಅದಕ್ಕೆ ದಪ್ಪನೆಯ ಬೊಟ್ಟು ಬಿತ್ತು.

ದಸರೆಯ ಬೆಳಿಗ್ಗೆ ಮನೆಮಂದಿಯೆಲ್ಲ ನೋಡುತ್ತಿರಲು ರೇಣು ಪ್ರೋಗ್ರಾಮು ಓಡಿಸಿದಳು. ಪರದೆ 'ಸ್ವಾಗತ' ಎಂದಿತು. ಮರುಕ್ಷಣ 'ಧನ್ಯವಾದ' ಎಂದಿತು. ನಡುವೆ ಒಂದು ಪುಸ್ತಕವೂ ಇಲ್ಲ.

ರೇಣುವಿನ ಕಣ್ಣು ಕೆಂಪು ಬಟನ್ನಿನ ಮೇಲೆ ನಿಂತಿತು.

"ಎಷ್ಟ ಸಾಲಿಗೆ ಎಳದೀಪಾ?"

"ನೂರಾ ನಲವತ್ತಾರು," ಎಂದ ಮಾಂತು, ನೆಲ ನೋಡುತ್ತ.

ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೊದಲ ಸಾಲಿನ ಗೆರೆ ಅಳಿಸಿ, ಮತ್ತೆ ಓಡಿಸಿ, ಬಂದ ತಪ್ಪು ತೋರಿಸಿದಳು. ಆ ಸಾಲಿನಲ್ಲಿ ಕರೆದಿದ್ದ ಕಡತದ ಹಳೆಯ ಹೆಸರು ಹೊಸ ಕಂಪೈಲರಿಗೆ ಗೊತ್ತಿರಲಿಲ್ಲ. ಅದೊಂದನ್ನು ತಿದ್ದಿ, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರೆ ಉಳಿದ ತಪ್ಪುಗಳೆಲ್ಲ ತಾವಾಗಿ ಹೋಗುತ್ತಿದ್ದವು.

ಕಂಪ್ಯೂಟರಿನ ಗಂಧವೂ ಇಲ್ಲದ ರಾಮಲಿಂಗಪ್ಪನಿಗೆ ಇಷ್ಟು ಅರ್ಥವಾಯಿತು. "ಅಂದ್ರ ಹೊಸಾ ಪಾನಾ ಕೂಡಲಿಲ್ಲಂತ ಗಾಡೀದ ನಟ್ಟೆಲ್ಲಾ ಬಿಚ್ಚಿಟ್ಟಿ. ಸಪ್ಪಳಾ ನಿಂತು, ಗಾಡೀನೂ ನಿಂತು."

ಮಾಂತುವಿಗೆ ಆ ಪಾನಾಗಳ ಹಿಂದೆ ಅಡಗಿಕೊಳ್ಳಬೇಕೆನಿಸಿತು. ರೇಣು ಮೊದಲ ಸಾಲು ಸರಿಮಾಡಿ ಕುರ್ಚಿ ಬಿಟ್ಟುಕೊಟ್ಟಳು. ಅವನು ಕುಳಿತು, ಅಳಿಸುವ ಬಟನ್ ಒತ್ತುತ್ತ ಒಂದೊಂದೇ ಗೆರೆ ತೆಗೆಯತೊಡಗಿದ. ಮನೆಮಂದಿ ಹೋಳಿಗೆ ಉಂಡು, ಬನ್ನಿ ಕೊಟ್ಟು ಬಂದರೂ ಅವನು ಏಳಲಿಲ್ಲ. ಕೊನೆಗೆ ಪುಸ್ತಕಗಳೆಲ್ಲ ಪರದೆಗೆ ಮರಳಿದಾಗ ಅವ್ವ ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಇವತ್ತ ಯಾವ ಬಟನ್ ಭಾಳ ದುಡೀತಪಾ, ತಮ್ಮಾ?"